ಎರಡು ಬೆರಳಗಲ ಬಟ್ಟೆ

ಜೂನ್ ೧೪, ಶನಿವಾರ. ಬೆಳಿಗ್ಗೆ ಮೋಡ ಕವಿದು, ಹತ್ತು ಹನಿ ಉದುರಿಸಿ, ಬೇರೇನೋ ಕೆಲಸ ನೆನಪಾದಂತೆ ಚದುರಿಹೋಯಿತು.

ನಮ್ಮ ಮನೆಯ ಕೆಳಗಿನ ದರ್ಜಿಗೆ ಬೀದಿಯವರು ಇಟ್ಟ ಹೆಸರು ಸಡಿಲಪ್ಪ. ಮೂವತ್ತು ವರ್ಷಗಳಿಂದ ಆತ ಪ್ರತಿ ಉಡುಪಿನ ಹೊಲಿಗೆಯೊಳಗೂ ಎರಡು ಬೆರಳಗಲ ಬಟ್ಟೆಯನ್ನು ಮಡಚಿ ಬಿಡುತ್ತಾನೆ. ಹೊಟ್ಟೆ ಬಂದವರಿಗೆ ಅದನ್ನು ಬಿಚ್ಚಿ ಸಡಿಲಿಸಿಕೊಡುತ್ತಾನೆ, ಕೂಲಿ ಕೇಳುವುದಿಲ್ಲ. ಈ ಉಪಕಾರವನ್ನು ನಾನು ನಾಲ್ಕು ಬಾರಿ ಪಡೆದಿದ್ದೇನೆ. ಎದುರಂಗಡಿಯ ದರ್ಜಿ ಆತನ ಸ್ವಂತ ಅಣ್ಣ, ಬಿಗಿಯಣ್ಣ. ಅವನ ಮನೆಯ ಪರದೆ, ದಿಂಬಿನ ಚೀಲ, ಮಕ್ಕಳ ಚಡ್ಡಿ ಎಲ್ಲವೂ ಗಿರಾಕಿಗಳ ಬಟ್ಟೆಯಲ್ಲಿ ಉಳಿಸಿಕೊಂಡವು.

ವಾದ್ಯಮೇಳದ ಇಪ್ಪತ್ತನಾಲ್ಕು ಕೋಟುಗಳ ಕೆಲಸ ಇಬ್ಬರಿಗೂ ಬೇಕಿತ್ತು. ಅದು ಸಿಗದಿದ್ದರೆ ಸಡಿಲಪ್ಪನ ಅಂಗಡಿಗೆ ಈ ತಿಂಗಳೇ ಬೀಗ. ಮೇಳದ ಯಜಮಾನರು ಇಬ್ಬರಿಗೂ ಸಮನಾಗಿ ಕೆಂಪು ಬಟ್ಟೆ ಕೊಟ್ಟು, ತಮ್ಮ ಸ್ಥೂಲಕಾಯದ ತುತ್ತೂರಿಯವನ ಅಳತೆಗೆ ಒಂದೊಂದು ಮಾದರಿ ಕೋಟು ಹೊಲಿಸಿದರು. ಇಂದು ಸಂಜೆ ಬೀದಿಯಲ್ಲೇ ಪರೀಕ್ಷೆ.

"ನಿನ್ನ ಕೋಟು ಗೋಣಿಚೀಲ ಕಣೋ," ಎಂದ ಬಿಗಿಯಣ್ಣ. "ಒಳಗೆ ಇಬ್ಬರು ಹಿಡೀತಾರೆ."

"ಅವರು ಊದ್ಬೇಕಲ್ಲಣ್ಣ. ಉಸಿರಿಗೆ ಜಾಗ ಬೇಡ್ವಾ?"

"ಉಸಿರಿಗೆ ಯಾರಾದ್ರೂ ಬಟ್ಟೆ ಖರ್ಚು ಮಾಡ್ತಾರೇನೋ?"

ಮೊದಲು ಬಿಗಿಯಣ್ಣನ ಕೋಟು. ಒಂದು ಸುಕ್ಕೂ ಇರಲಿಲ್ಲ. ಅಳತೆ ತೆಗೆಯುವಾಗ ಹೊಟ್ಟೆಯನ್ನು ಒಳಗೆಳೆದುಕೊಳ್ಳಲು ಹೇಳಿದ್ದನಂತೆ. ತುತ್ತೂರಿಯವನು ಎದೆ ತುಂಬ ಉಸಿರೆಳೆದ. ಐದು ಗುಂಡಿಗಳು ಒಂದರ ಹಿಂದೊಂದು ಹಾರಿದವು. ನಾಲ್ಕನೆಯದು ಬಿಗಿಯಣ್ಣನ ಮೂಗಿಗೆ ಬಡಿಯಿತು. ಆತ ಎರಡೂ ಕೈಗಳಿಂದ ಮೂಗು ಹಿಡಿದಾಗ ಮೇಲಂಗಿ ತೆರೆದುಕೊಂಡು, ಒಳಗಿದ್ದ ಹೊಸ ಕೆಂಪು ವೇಸ್ಟ್‌ಕೋಟು ಎಲ್ಲರಿಗೂ ಕಂಡಿತು.

"ಇದು ನಮ್ಮ ಬಟ್ಟೆ ಅಲ್ವಾ?" ಯಜಮಾನರು ತಣ್ಣಗೆ ಕೇಳಿದರು.

"ಸ್ವಲ್ಪ ಉಳಿದಿತ್ತು," ಎಂದ ಬಿಗಿಯಣ್ಣ, ಮೂಗು ಬಿಡದೆ.

ಸಡಿಲಪ್ಪನ ಕೋಟು ತೊಟ್ಟ ತುತ್ತೂರಿಯವನು ಮೂರು ಹಾಡು ಊದಿ, ಬೀದಿಯ ನಾಯಿಗಳನ್ನೆಲ್ಲ ಓಡಿಸಿ, ಕೊನೆಗೆ ಬಾಗಿ ತನ್ನ ಬೂಟಿನ ದಾರವನ್ನೂ ತಾನೇ ಕಟ್ಟಿಕೊಂಡ. ಹಾಗೆ ಕಟ್ಟಿಕೊಂಡು ಆರು ವರ್ಷವಾಗಿತ್ತೆಂದು ಅವನ ಹೆಂಡತಿ ಹೇಳಿದಳು. ಇಪ್ಪತ್ತನಾಲ್ಕು ಕೋಟುಗಳೂ ಸಡಿಲಪ್ಪನ ಪಾಲಾದವು.

"ಗುಂಡಿ ಹಾಕೋ ಕೆಲಸ ಅಣ್ಣಂಗೆ ಕೊಡ್ಲಾ?" ಎಂದು ಆತ ಕೇಳಿದ.

ಯಜಮಾನರು ಬಿದ್ದ ಗುಂಡಿಗಳನ್ನು ನೋಡಿದರು. "ಬೇರೆ ಏನಾದ್ರೂ ಕೊಡಿ."

ತೋಳಿನ ಒಳಪದರ ಹೊಲಿಯುವ ಕೆಲಸ ಕೊಟ್ಟಿದ್ದಾನೆ.

ಇಂದಿನ ಖರ್ಚು: ಚಹಾ ಮೂರು ಲೋಟ, ಮೂವತ್ತು. ಬಿಗಿಯಣ್ಣನ ಮೂಗಿಗೆ ಮುಲಾಮು, ನಲವತ್ತೆರಡು.