ಕರಾವಳಿಗೆ ಹೊರಟವನ ರೆಕ್ಸಿನ್ ಜಾಕೀಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಪಘಾತದ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ದಿನವಿಡೀ ಮುರಿದ ಮೂಳೆಗಳ ಬಗ್ಗೆ ಓದಿ ಓದಿ, ಮನೆಯ ಮೆಟ್ಟಿಲನ್ನೂ ಗೋಡೆ ಹಿಡಿದೇ ಇಳಿಯುವಷ್ಟು ಪುಕ್ಕಲನಾಗಿದ್ದೆ. ಅಂಥವನು ಮೇ ತಿಂಗಳಲ್ಲಿ ಬೈಕಿನ ಮೇಲೆ ಗೋಕರ್ಣಕ್ಕೆ ಹೋಗಲು ಒಪ್ಪಿಕೊಂಡೆ. ಕರೆದವನು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗೆಳೆಯ.

ಮೊದಲು ಮಾಡಿದ ಕೆಲಸವೆಂದರೆ ಗಾಂಧಿ ಬಜಾರಿಗೆ ಹೋಗಿ ಕಪ್ಪು ಜಾಕೀಟು ಕೊಂಡಿದ್ದು. "ಅಸಲಿ ಚಮಡಾ ಸಾರ್, ಉರುಳಿ ಬಿದ್ರೂ ಏನೂ ಆಗಲ್ಲ" ಎಂದ ಅಂಗಡಿಯವನು. ಮನೆಗೆ ತಂದಾಗ ನನ್ನ ಹೆಂಡತಿ ಮೂಸಿ ನೋಡಿ, "ಇದು ರೆಕ್ಸಿನ್ ಕಣ್ರೀ, ಬಸ್ಸಿನ ಸೀಟಿನ ವಾಸನೆ" ಎಂದಳು. ಅವಳು ಬೇಸಿಗೆ ರಜೆಗಳನ್ನೆಲ್ಲ ಕುಮಟಾದ ಚಿಕ್ಕಮ್ಮನ ಮನೆಯಲ್ಲಿ ಕಳೆದವಳು. "ಅಲ್ಲಿ ಮೇ ತಿಂಗಳಲ್ಲಿ ಬನೀನೇ ಭಾರ ಆಗುತ್ತೆ. ಇದನ್ನ ಹಾಕ್ಕೊಂಡು ಹೋಗ್ತೀರಾ?"

ನಾನು ಕೇಳಲಿಲ್ಲ. ಮುಖವೆಲ್ಲ ಮುಚ್ಚುವ ಹೆಲ್ಮೆಟ್ ತಂದೆ. ಪಕ್ಕದ ಮನೆಯಿಂದ ಕ್ರಿಕೆಟ್ ಪ್ಯಾಡು ಎರವಲು ಪಡೆದೆ. ಬೆಸುಗೆ ಹಾಕುವವರು ತೊಡುವ, ಮೊಣಕೈವರೆಗೂ ಬರುವ ಕೈಗವಸನ್ನು ಗೆಳೆಯ ತಮಾಷೆಗೆಂದು ಕೊಟ್ಟಿದ್ದ. ಅದನ್ನೂ ಬಿಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಲ್ಲವನ್ನೂ ತೊಟ್ಟು, ಗೆಳೆಯನಿಗೆ ತೋರಿಸಲೆಂದು ಭದ್ರಾವತಿಗೆ ಹೊರಟೆ.

ಮಲವಗೊಪ್ಪ ಬರುವಷ್ಟರಲ್ಲಿ ಇಡ್ಲಿ ಪಾತ್ರೆಯೊಳಗೆ ಕೂತಂತಾಗಿತ್ತು. ರಸ್ತೆ ಬದಿಯ ಒಂದು ಮನೆಯ ಮುಂದೆ ಬೈಕ್ ನಿಲ್ಲಿಸಿದೆ. ಒಬ್ಬ ಹೆಂಗಸು ಓಡಿಬಂದು ಏನೋ ಕೇಳಿದರು. ಹೆಲ್ಮೆಟ್ಟಿನೊಳಗೆ ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ನೀರು ಬೇಕೇ ಎನ್ನುತ್ತಿದ್ದಾರೆಂದುಕೊಂಡು ತಲೆಯಾಡಿಸಿದೆ. ಅವರು ಸಂಭ್ರಮದಿಂದ ಮನೆಯ ಹಿಂದಕ್ಕೆ ಕರೆದೊಯ್ದರು. ಬಾವಿ ಇರಬೇಕು ಎಂದು ಹಿಂದೆಯೇ ನಡೆದೆ.

ಅಲ್ಲಿ ಮಾವಿನ ಮರದ ಸುತ್ತ ಅಕ್ಕಪಕ್ಕದವರು ದೂರ ದೂರ ನಿಂತಿದ್ದರು. ಒಬ್ಬ ಅಜ್ಜ ನನ್ನ ಕೈಗೆ ಹೊಗೆ ಹಾಕಲು ಕಟ್ಟಿದ ತೆಂಗಿನ ಗರಿಯ ಸೂಡಿ ಕೊಟ್ಟು ಮೇಲೆ ತೋರಿಸಿದರು. ಕೊಂಬೆಯಲ್ಲಿ ಮೊರದಗಲದ ಹೆಜ್ಜೇನು ಜೋತಾಡುತ್ತಿತ್ತು. ನಾನು ಹೆಲ್ಮೆಟ್ ಕಿತ್ತೆ.

"ಜೇನು ಬಿಡಿಸೋರು ನೀವೇ ಅಲ್ವಾ? ಬೆಳಗ್ಗಿಂದ ಕಾಯ್ತಿದ್ದೀವಿ" ಎಂದರು ಆ ಹೆಂಗಸು.

"ಅಲ್ಲಮ್ಮ, ನಾನು ವಿಮಾ ಆಫೀಸಿನೋನು."

"ಮತ್ತೆ ಈ ವೇಷ?" ಎಂದರು ಅಜ್ಜ.

"ಗೋಕರ್ಣಕ್ಕೆ ಹೋಗೋಕೆ."

"ಗೋಕರ್ಣಕ್ಕೆ ಪಂಚೆ ಉಟ್ಕೊಂಡು ಹೋಗ್ತಾರಪ್ಪ!"

ನಗು ಎದ್ದಿತು. ನನಗೆ ಮಾತ್ರ ಕಣ್ಣು ಕತ್ತಲೆ ಬಂದು ಅಲ್ಲೇ ಕಲ್ಲಿನ ಮೇಲೆ ಕೂತೆ. ಜಾಕೀಟಿನ ಜಿಪ್ಪು ಸಿಕ್ಕಿಕೊಂಡಿತ್ತು. ಅಜ್ಜ ಒಂದು ತೋಳು, ಆ ಹೆಂಗಸು ಇನ್ನೊಂದು ತೋಳು ಹಿಡಿದು, ಹಲಸಿನ ತೊಳೆ ಬಿಡಿಸಿದಂತೆ ನನ್ನನ್ನು ಹೊರಗೆಳೆದರು. ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ ಜೀವ ಬಂತು. ಜಾಕೀಟನ್ನು ಹಿಂದಿನ ಸೀಟಿಗೆ ಕಟ್ಟಿ ಭದ್ರಾವತಿ ಸೇರಿದೆ. ಕಥೆ ಕೇಳಿದ ಗೆಳೆಯ, "ನೀನು ಬೀಳೋದಕ್ಕೆ ಮುಂಚೆ ಬೆಂದೇ ಹೋಗ್ತೀಯ ಮಾರಾಯ" ಎಂದ.

ಆಮೇಲೆ ಹೆಂಡತಿಯೇ ಮುಂದೆ ನಿಂತಳು. ತೊಡಲು ಹಿತ, ಉಜ್ಜಿದರೂ ಗಟ್ಟಿ ಎಂದು ತಿಳಿ ಖಾಕಿಯ ದಪ್ಪ ಹತ್ತಿ ಬಟ್ಟೆ ಆರಿಸಿದಳು. ಗಾಳಿಯಾಡುವಂತೆ ಸಡಿಲ ಕೋಟು, ಭುಜಕ್ಕೂ ಮೊಣಕೈಗೂ ಒಳಗಡೆ ಹಳೆಯ ಜಮಖಾನದ ತುಂಡು. ಟೈಲರ್ ಅಳತೆ ತೆಗೆಯುತ್ತಾ, "ಯಾವ ನಾಟಕಕ್ಕೆ ಸಾರ್?" ಎಂದು ಕೇಳಿದ. ಮೊದಲ ಹೆಲ್ಮೆಟ್ ವಾಪಸು ಕೊಟ್ಟು, ಗಾಳಿಗೆ ಕಿಂಡಿಗಳಿದ್ದ, ಕೆನ್ನೆಗೆ ಸರಿಯಾಗಿ ಕೂರುವ ಇನ್ನೊಂದನ್ನು ತಂದೆ. ಅಂಗಡಿಯಲ್ಲೇ ಅದನ್ನು ಹಾಕಿಕೊಂಡು, "ಏನಾದ್ರೂ ಮಾತಾಡ್ರಿ" ಎಂದು ಅಂಗಡಿಯವನನ್ನು ಪೀಡಿಸಿದೆ. ತೆಳು ಚರ್ಮದ ಕೈಗವಸು, ಕಾಲಿನ ಗಂಟು ಮುಚ್ಚುವ ಶೂ. ಅಲ್ಲಿಗೆ ಮುಗಿಯಿತು.

ಗೆಳೆಯನೂ ನಾನೂ ಒಂದೊಂದು ಬೈಕಿನಲ್ಲಿ ಹೊರಟೆವು. ಘಟ್ಟ ಇಳಿಯುವಾಗ ನಿಂತಲ್ಲೆಲ್ಲ ಕೋಟಿಗೆ ನೀರು ಚಿಮುಕಿಸಿಕೊಂಡೆವು; ಗಾಳಿಗೆ ಹಿತವಾಗಿ ತಂಪೇರುತ್ತಿತ್ತು. ಗೋಕರ್ಣ ಇನ್ನೇನು ಬಂತು ಎನ್ನುವಾಗ ತಿರುವಿನ ಮರಳಿನಲ್ಲಿ ನನ್ನ ಬೈಕಿನ ಚಕ್ರ ಜಾರಿ, ಬಸ್ಸಿಗೆ ಕಾಯುತ್ತಿದ್ದವರ ಎದುರು ಸರ್ರನೆ ಬಿದ್ದೆ. ಮೊಣಕೈ ಬಳಿ ಖಾಕಿ ಹರಿದು ಜಮಖಾನದ ಕೆಂಪು ಗೆರೆ ಕಾಣುತ್ತಿತ್ತು. ಚರ್ಮ ಒಂದಿಷ್ಟೂ ತರಚಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಬಿದ್ದು ಹೆಮ್ಮೆಪಟ್ಟೆ.

ಆ ಹೆಮ್ಮೆಯಲ್ಲೇ ಮರುದಿನ ಕಡಲ ದಂಡೆಯಲ್ಲಿ ಅಂಗಿ ಬಿಚ್ಚಿ, ಬೋರಲಾಗಿ ಮಲಗಿ ಮಧ್ಯಾಹ್ನದವರೆಗೂ ನಿದ್ದೆ ಹೊಡೆದೆ. ಬೆನ್ನು ಕೆಂಡವಾಯಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಮೆತ್ತನೆಯ ಕೋಟೇ ಮುಳ್ಳಿನ ಹಾಗೆ ಚುಚ್ಚಿತು.

ಬಾಗಿಲಲ್ಲಿ ನನ್ನ ನಡಿಗೆ ನೋಡಿ ಹೆಂಡತಿ ಗಾಬರಿಯಾದಳು. "ಬಿದ್ರಾ?"

"ಬಿದ್ದೆ. ಅದರಿಂದ ಏನೂ ಆಗಿಲ್ಲ."

"ಮತ್ತೆ?"

"ಮಲಗಿದ್ದೆ."

ಅವಳು ಬೆನ್ನು ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗಿ ಮೊಸರಿನ ಬಟ್ಟಲು ತಂದಳು. ಹಚ್ಚುವಾಗ ಅವಳ ಕೈ ನಡುಗುತ್ತಲೇ ಇತ್ತು, ನಗುವಿಗೆ.