ಆಟದ ಮನೆಯಲ್ಲಿ ನೀರು ಬೆಲ್ಲ

ಮೊಮ್ಮಗಳು ಕಂಪ್ಯೂಟರಿನ ಆಟದಲ್ಲಿ ಕಟ್ಟಿದ ಮನೆಯನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಂಪಾಗುತ್ತದೆ. ಆಗ ನಾವು ಖಡಕಿ ಎಂಬ ಊರಿನಲ್ಲಿದ್ದೆವು. ಆ ಆಟದೊಳಗೆ ಆಡುವವರೇ ತಮಗೆ ಬೇಕಾದಂತೆ ಮನೆ, ಊರು ಕಟ್ಟಬಹುದಿತ್ತು; ಇಂಟರ್ನೆಟ್ಟಿನಲ್ಲಿ ಯಾವ ಯಾವುದೋ ದೇಶದವರು ಗೊಂಬೆಗಳ ರೂಪದಲ್ಲಿ ಬಂದು ನೋಡುತ್ತಿದ್ದರು. ಇವಳು ರಜೆಯಿಡೀ ಕೂತು ಗೌಡರ ಮನೆಯಂಥ ದೊಡ್ಡ ವಾಡೆ ಕಟ್ಟಿದಳು. ಬಂದವರು ಮಾತ್ರ ಬಾಗಿಲಲ್ಲಿ ಇಣುಕಿ ಹೋಗಿಬಿಡುತ್ತಿದ್ದರು. ಹುಡುಗಿಯ ಮುಖ ಬಾಡಿತು.

“ಯಾರೂ ನಿಲ್ಲೂದಿಲ್ಲ ಅಜ್ಜಿ. ಎಲ್ಲಾ ಅಳಿಸಿಬಿಡ್ತೀನಿ.”

“ಬಂದವರಿಗೆ ನೀರು ಬೆಲ್ಲ ಕೊಟ್ಟಿಯೇನು? ಬರೇ ಗ್ವಾಡಿ ನೋಡಾಕ ಯಾರು ನಿಲ್ತಾರ?”

“ಅವು ಗೊಂಬಿ ಅದಾವ ಅಜ್ಜಿ.”

“ಗೊಂಬಿ ಆಡಸೋರು ಮಂದಿನ ಹೌದಲ್ಲ?”

ಅವಳು ನಕ್ಕಳು. ಆದರೂ ಆ ವಾಡೆಯ ಪಡಸಾಲೆಯಲ್ಲಿ ನೀರಿನ ತಂಬಿಗೆ, ಬೆಲ್ಲದ ತಟ್ಟೆ ಮಾಡಿಟ್ಟಳು. ಮುಟ್ಟಿದ ಗೊಂಬೆಯ ದಣಿವು ಹೋಗುವಂತೆಯೂ ಮಾಡಿದಳು. ಮರುದಿನ ನನ್ನನ್ನು ಕೂಗಿದಳು. ತಂಬಿಗೆಯ ಸುತ್ತ ನಾಲ್ಕಾರು ಗೊಂಬೆಗಳು ಕುಳಿತಿದ್ದವು. ನನಗಂತೂ ನಮ್ಮ ಮನೆಗೇ ಬೀಗರು ಬಂದಷ್ಟು ಖುಷಿ. ಯಾರೋ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು.

“ನಾಳೆ ಮತ್ತ ಬರಬಹುದೇನು ಅಂತ ಕೇಳ್ಯಾರ ಅಜ್ಜಿ.”

“ಊಟಕ್ಕ ಬರ್ರಿ ಅಂತ ಬರಿ” ಎಂದೆ.

ಅವಳು ಆಗಲೇ ಅಡುಗೆಮನೆ ಕಟ್ಟಲು ಶುರು ಮಾಡಿದ್ದಳು.