ಗಿಡ್ಡಿಯ ಅಡಿಗಿ ಕಟ್ಟಿ

ವಿಜಯಪುರ ಕಡೆ ಎತ್ತರ ಇಲ್ಲದ ಹೆಣ್ಣಮಗಳಿಗೆ ಗಿಡ್ಡಿ ಅಂತಾರ. ನಮ್ಮವ್ವ ಅಂದ್ರ ಅದು ಮುದ್ದು: 'ನಮ್ಮ ಗಿಡ್ಡಿ ಉಂಡಾಳೇನು?' ನನ್ನ ನೋಡಾಕ ಬಂದಿದ್ದ ಅತ್ತಿ, 'ಹುಡುಗಿ ಚಲೋ ಅದಾಳ, ಆದ್ರ ಗಿಡ್ಡಿ' ಅಂದ್ರು. ಲಗ್ನ ಆಗಿ ಮುಂಬೈ ಕಡೆ ತುರ್ಭೆಗೆ ಬಂದ ಮ್ಯಾಲ ಬಾಜೂ ಮನಿ ಮರಾಠಿ ಹೆಣ್ಣಮಗಳು ತನ್ನ ಭಾಷಾದಾಗ 'ಬುಟಕಿ' ಅಂದಳು. ಲೋಕಲ್ ಟ್ರೇನಿನ್ಯಾಗ ಯಾರೋ ಒಬ್ಬಾಕಿ 'ತೂ ತೋ ಛೋಟೀ ಹೈ, ಆಜಾ' ಅಂತ ಸರಿದು ಗೇಣು ಜಾಗಾ ಕೊಟ್ಟಳು. ಅನ್ನಲಿ ಬಿಡ್ರಿ, ಗಿಡ್ಡ ಇರೋದು ಖರೇನ ಅದ. ನನಗ ಸಿಟ್ಟು ಇದ್ದದ್ದು ಅಡಿಗಿ ಕಟ್ಟಿ ಮ್ಯಾಲ.

ನಾ ಜೋಳದ ರೊಟ್ಟಿ ಮಾಡಿ ಮಾರಾಕಿ. ತುರ್ಭೆ ಗೋದಾಮಿನ್ಯಾಗ ಮೂಟಿ ಹೊರೋ ಕಲಬುರಗಿ, ರಾಯಚೂರ ಕಡೆ ಗಂಡಸರಿಗೆ ಅನ್ನ ಹೊಟ್ಟಿಗಿ ಹತ್ತೂದಿಲ್ಲ, ರೊಟ್ಟೀನ ಬೇಕು. ಊರಾಗ ನೆಲಕ್ಕ ಕುಂತು ಬಡೀತಿದ್ದೆ. ಮೈ ಭಾರ ತಾನ ಅಂಗೈಗೆ ಇಳೀತಿತ್ತು. ಇಲ್ಲಿ ಖೋಲಿಯಾಗ ಕುಂಡ್ರಾಕ ನೆಲ ಎಲ್ಲಿ ಅದ? ಗ್ಯಾಸೂ ಕಟ್ಟಿ ಮ್ಯಾಲ, ಹಿಟ್ಟು ನಾದೋ ಪರಾತೂ ಕಟ್ಟಿ ಮ್ಯಾಲ, ಕಟ್ಟಿ ನನ್ನ ಎದಿಮಟ. ನಮ್ಮ ಮನಿಯವರಿಗೆ ಹೇಳಿದ್ರ, 'ರೂಢಿ ಆಗತದ' ಅಂದ್ರು. ಉಣ್ಣಾಕ ಕುಂಡ್ರೋ ಮಣಿ ನೆಲಕ್ಕ ಹಾಕಿ, ಅದರ ಮ್ಯಾಲ ನಿಂತು ರೊಟ್ಟಿ ಬಡಿದೆ. ಬಾಡಗಿ ಮನಿ ಬದಲಿಸಿದಾಗೆಲ್ಲಾ ಟೆಂಪೋಕ್ಕ ಮೊದಲು ಏರತಿದ್ದದ್ದು ಆ ಮಣಿ.

ಒಂದಿನ ಮಣಿ ಜಾರಿತು. ಬಿದ್ದೆ, ಬಲಭುಜ ಉಳುಕಿತು. ಡಾಕ್ಟರ್ ಅಂದ್ರು, 'ಇನ್ನ ಕೈ ಎತ್ತರಿಸಿ ಬಡಿಯೋ ಕೆಲಸ ಬ್ಯಾಡ, ಭುಜ ಪೂರಾ ಹೋಗತದ.' ರೊಟ್ಟಿ ಬಿಟ್ರ ನನ್ನ ಕೈಯಾಗ ಬ್ಯಾರೆ ಏನ್ ಅದ? ಹೆದರಿಕಿ ಆಗಿದ್ದು ಆವತ್ತೇ.

ಅದೇ ಹೊತ್ತಿಗೆ ಅಲ್ಲೇ ಮುಂಬೈ ಬಾಜೂ ಕಲ್ಯಾಣದಾಗ ನಮ್ಮದಂತ ಒಂದು ಮನಿ ಆತು. ಬೀಗ ತೆಗೆದು ಸೀದಾ ಅಡಿಗಿಮನಿಗೆ ಹೋಗಿ ನಿಂತೆ. ಮಿರಮಿರ ಮಿಂಚೋ ಕರೀ ಕಲ್ಲಿನ ಕಟ್ಟಿ, ಮತ್ತ ಎದಿಮಟ.

'ಇದನ್ನ ಒಡಸ್ರಿ' ಅಂದೆ.

ಮನಿಯವರು ನಕ್ಕರು. 'ತಲಿ ಕೆಟ್ಟದೇನು? ಇಡೀ ಮುಂಬೈಯಾಗ ಕಟ್ಟಿ ಇಷ್ಟೇ ಎತ್ತರ ಇರತದ. ನೀ ಒಬ್ಬಾಕಿ ಗಿಡ್ಡಿ ಅದೀ ಅಂದ್ರ ಎಲ್ಲಾರೂ ಏನ್ ಮಾಡಬೇಕು?'

'ಎಲ್ಲಾರೂ ಏನೂ ಮಾಡೂದು ಬ್ಯಾಡ. ಈ ಒಂದು ಕಟ್ಟಿ ಒಡಸ್ರಿ.'

'ನಾಳೆ ಮನಿ ಮಾರೋದು ಬಂದ್ರ ಗಿಡ್ಡ ಕಟ್ಟಿ ಯಾರ್ ತಗೋತಾರ?'

'ಇನ್ನೂ ಹಾಲು ಉಕ್ಕಿಸಿಲ್ಲ, ಆಗಲೇ ಮಾರಾಕ ಹೊಂಟ್ರೇನು? ಇಲ್ಲಿ ರೊಟ್ಟಿ ಬಡಿಯಾಕಿ ನಾನು. ತಗೊಳ್ಳಾಕ ಬರೋ ಆ ಮಂದಿ ಬಂದು ಬಡೀತಾರೇನು?'

ನಾ ಹಟ ಬಿಡಲಿಲ್ಲ. ಕಟ್ಟಿ ಇಳಿಯೋ ತನಕ ಒಲಿ ಹಚ್ಚೂದಿಲ್ಲ ಅಂದೆ, ಹಚ್ಚಲೂ ಇಲ್ಲ. ವಡಾಪಾವ್ ತಿಂದು ತಿಂದು ಬಾಯಿ ಕೆಟ್ಟ ಮ್ಯಾಲ ಅವರೇ ಹೋಗಿ ಮೇಸ್ತ್ರಿನ ಕರಕೊಂಡು ಬಂದ್ರು. ಮೇಸ್ತ್ರಿ ಟೇಪ್ ತೆಗೆದ. 'ಟೇಪ್ ಒಳಗ ಇಡಪ್ಪಾ' ಅಂತ ಪರಾತ್ ಹಿಡಕೊಂಡು, ಹಿಟ್ಟು ಬಡಿಯೋ ಹಂಗ ನಿಂತೆ. 'ಇಲ್ಲಿಗೆ ಗುರ್ತು ಹಾಕು.' ಅವ ಗ್ವಾಡಿಗೆ ಪೆನ್ಸಿಲ್‌ಲೆ ಗೆರಿ ಎಳೆದ.

ಈಗ ನೆಲದ ಮ್ಯಾಲ ನಿಂತು ಬಡೀತೀನಿ. ಭುಜ ಪೂರಾ ನೆಟ್ಟಗಾಗಿಲ್ಲ, ಆದ್ರ ತುರ್ಭೆಗೆ ರೊಟ್ಟಿ ಡಬ್ಬಿ ಹೋಗೋದು ನಿಂತಿಲ್ಲ. ನಮ್ಮ ಮನಿಯವರು ಆರಡಿ ಆಳು. ಮೊನ್ನೆ ಚಹಾದ ಕಪ್ ತೊಳೆಯಾಕ ಬಗ್ಗಿ, 'ಸೊಂಟ ಹಿಡೀತು ನೋಡು' ಅಂದ್ರು.

'ರೂಢಿ ಆಗತದ, ಬಗ್ಗ್ರಿ' ಅಂದೆ.

ನಾ ಆಗ ಉಣ್ಣಾಕತ್ತಿದ್ದೆ, ಅದೇ ಮಣಿ ಮ್ಯಾಲ ಕುಂತು.